ಜೇನು ಕುಟುಕಿದರೆ, ಕಂಬಳಿಹುಳು ಸೋಕಿದರೆ: ಹಿತ್ತಲ ಸೊಪ್ಪಿನ ಉಪಚಾರದ ಸಮಗ್ರ ಮಾರ್ಗದರ್ಶಿ

ಹುಳ ಕಚ್ಚಿತು ಎಂದರೆ ಸಾಕು, ನಮ್ಮಲ್ಲಿ ಹತ್ತು ಬಾಯಿಂದ ಹತ್ತು ಮದ್ದು ಬರುತ್ತದೆ. ಒಬ್ಬರು ಸುಣ್ಣ ಹಚ್ಚು ಎನ್ನುತ್ತಾರೆ, ಇನ್ನೊಬ್ಬರು ತುಂಬೆ ರಸ ಹಿಂಡು ಎನ್ನುತ್ತಾರೆ, ಮತ್ತೊಬ್ಬರು ಎಕ್ಕದ ಹಾಲು ತರಲು ಬೇಲಿಯತ್ತ ಓಡುತ್ತಾರೆ. ಇವುಗಳಲ್ಲಿ ಕೆಲವು ನಿಜಕ್ಕೂ ಹಿತ ಕೊಡುತ್ತವೆ, ಕೆಲವು ಏನೂ ಮಾಡುವುದಿಲ್ಲ, ಕೆಲವಂತೂ ಹುಳ ಮಾಡಿದ್ದಕ್ಕಿಂತ ದೊಡ್ಡ ಗಾಯ ಮಾಡುತ್ತವೆ.

ಮೊದಲೇ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಯಾವ ಸೊಪ್ಪೂ ವಿಷವನ್ನು ಹೀರಿ ಹೊರಗೆ ತೆಗೆಯುವುದಿಲ್ಲ. ಜೇನಿನ ಮುಳ್ಳು ವಿಷವನ್ನು ಚರ್ಮದ ಒಳಗೆ ಸೇರಿಸುತ್ತದೆ. ನಾವು ಹಚ್ಚುವುದು ಚರ್ಮದ ಮೇಲೆ. ಸೊಪ್ಪಿನಿಂದ ಆಗುವ ಉಪಕಾರ ಬೇರೆ. ಅದು ಉರಿಯನ್ನು ತಂಪು ಮಾಡುತ್ತದೆ, ನೋವನ್ನು ತುಸು ಮಂಕಾಗಿಸುತ್ತದೆ, ತುರಿಕೆ ತಗ್ಗಿಸಿ ಕೆರೆದು ಹುಣ್ಣು ಮಾಡಿಕೊಳ್ಳದಂತೆ ಕಾಯುತ್ತದೆ. ಇದೇನು ಸಣ್ಣ ಉಪಕಾರವಲ್ಲ. ಆದರೆ ಅದಕ್ಕೂ ಒಂದು ಸರದಿ ಇದೆ. ಮೊದಲು ಮುಳ್ಳು ತೆಗೆಯಬೇಕು, ತೊಳೆಯಬೇಕು, ತಂಪು ಮಾಡಬೇಕು. ಸೊಪ್ಪಿನ ಸರದಿ ಆಮೇಲೆ.

ಸೊಪ್ಪು ಹುಡುಕಬಾರದ ಹೊತ್ತು

ಜೇನು ಅಥವಾ ಕಣಜ ಕುಟುಕಿದವರಿಗೆ ಕುಟುಕಿದ ಜಾಗವಲ್ಲದೆ ಮೈಯ ಬೇರೆ ಕಡೆಯೂ ದದ್ದು ಎದ್ದರೆ, ತುಟಿ, ನಾಲಿಗೆ, ಕಣ್ಣಿನ ರೆಪ್ಪೆ ಊದಿದರೆ, ದನಿ ಕಟ್ಟಿದರೆ, ಉಸಿರಾಡಲು ಕಷ್ಟವಾದರೆ, ವಾಂತಿ ಬಂದರೆ, ತಲೆ ಸುತ್ತಿ ಬಿದ್ದರೆ ಅದು ಇಡೀ ದೇಹದ ಅಲರ್ಜಿ. ಇದು ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಶುರುವಾಗುತ್ತದೆ. ಇದಕ್ಕೆ ಮದ್ದು ಅಡ್ರಿನಲಿನ್ ಚುಚ್ಚುಮದ್ದು ಒಂದೇ. ಅದನ್ನು ತೊಡೆಯ ಸ್ನಾಯುವಿಗೆ ಕೊಡುತ್ತಾರೆ. 108ಕ್ಕೆ ಕರೆ ಮಾಡಿ, ಅಥವಾ ಸಿಕ್ಕ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಹೊರಡಿ. ತಲೆ ಸುತ್ತುತ್ತಿದ್ದರೆ ಅಂಗಾತ ಮಲಗಿಸಿ ಕಾಲು ಸ್ವಲ್ಪ ಎತ್ತರದಲ್ಲಿಡಿ. ಏದುಸಿರು ಇದ್ದರೆ ಒರಗಿ ಕೂರಲು ಬಿಡಿ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಮೈಮೇಲೆ ಗಂಧೆ ಎದ್ದರೆ ‘ಪಿತ್ತ’ ಎಂದು ಪುನರ್ಪುಳಿ ನೀರು ಕುಡಿಸಿ, ದೊಡ್ಡಪತ್ರೆ ಉಜ್ಜುವ ರೂಢಿಯಿದೆ. ಬೇರೆ ದಿನಗಳಲ್ಲಿ ಅದು ಸರಿಯಿರಬಹುದು. ಜೇನು ಕುಟುಕಿದ ಮೇಲೆ ಮೈಯೆಲ್ಲ ಗಂಧೆ ಎದ್ದರೆ ಅದನ್ನು ಪಿತ್ತವೆಂದು ತಿಳಿದು ಮನೆಯಲ್ಲಿ ಕೂರಬೇಡಿ.

ಅಲರ್ಜಿ ಇಲ್ಲದವರಿಗೂ ಹತ್ತಿಪ್ಪತ್ತಕ್ಕಿಂತ ಹೆಚ್ಚು ಕಡೆ ಜೇನು ಕುಟುಕಿದ್ದರೆ ಆಸ್ಪತ್ರೆಯೇ ಸರಿ. ಹೆಜ್ಜೇನಿನ ದಾಳಿಯಲ್ಲಿ ವಿಷದ ಪ್ರಮಾಣವೇ ಹೆಚ್ಚಾಗಿ ಸ್ನಾಯು, ಮೂತ್ರಪಿಂಡಗಳಿಗೆ ಪೆಟ್ಟು ಬೀಳುವುದುಂಟು. ಅದು ಆ ದಿನವೇ ಕಾಣಿಸಬೇಕೆಂದಿಲ್ಲ. ಬಾಯೊಳಗೆ, ಗಂಟಲಲ್ಲಿ, ಕಣ್ಣಿನ ಗುಡ್ಡೆಗೆ ಕುಟುಕಿದ್ದರೆ ಎಣಿಕೆ ನೋಡಬೇಡಿ, ಒಂದೇ ಆದರೂ ಹೊರಡಿ. ಚೇಳಿನ ಮಾತನ್ನು ಮುಂದೆ ಬೇರೆಯಾಗಿಯೇ ಹೇಳುತ್ತೇನೆ.

ಮೊದಲ ಹತ್ತು ನಿಮಿಷ

ಹಂತ 1: ಜಾಗ ಬಿಡಿ. ಜೇನು ಕುಟುಕಿದ ಕಡೆ ಮಾಗಿದ ಬಾಳೆಹಣ್ಣಿನಂಥ ವಾಸನೆ ಹರಡುತ್ತದೆ. ಅದು ಗೂಡಿನ ಉಳಿದ ಹುಳುಗಳಿಗೆ ಸಿಗುವ ಎಚ್ಚರಿಕೆ. ಅಲ್ಲೇ ನಿಂತು ಮುಳ್ಳು ಕೀಳುತ್ತಿದ್ದರೆ ಇನ್ನೂ ನಾಲ್ಕು ಬಂದು ಕುಟುಕುತ್ತವೆ. ಕೈ ಬೀಸಬೇಡಿ. ಟವೆಲ್ಲೋ ಅಂಗಿಯೋ ಸಿಕ್ಕಿದ್ದರಲ್ಲಿ ಮುಖ, ತಲೆ ಮುಚ್ಚಿಕೊಂಡು ಓಡಿ. ಮನೆಯೋ ವಾಹನವೋ, ಬಾಗಿಲು ಹಾಕಿಕೊಳ್ಳಬಹುದಾದ ಜಾಗ ಸೇರಿ. ಕೆರೆಗೆ ಹಾರಬೇಡಿ; ತಲೆ ಎತ್ತುವುದನ್ನೇ ಕಾಯುತ್ತ ಹೆಜ್ಜೇನು ಮೇಲೆಯೇ ಸುತ್ತುತ್ತಿರುತ್ತದೆ.

ಹಂತ 2: ಮುಳ್ಳು ತೆಗೆಯಿರಿ. ಜೇನಿನ ಮುಳ್ಳಿನಲ್ಲಿ ಗಾಳದಂಥ ಕೊಕ್ಕೆಗಳಿರುವುದರಿಂದ ಅದು ಚರ್ಮದಲ್ಲೇ ಉಳಿಯುತ್ತದೆ. ಅದರ ಜತೆ ಉಳಿಯುವ ವಿಷದ ಚೀಲ ಹುಳು ಹೋದ ಮೇಲೂ ಮಿಡಿಯುತ್ತ ವಿಷವನ್ನು ಒಳಗೆ ತಳ್ಳುತ್ತಿರುತ್ತದೆ. ಒಂದು ನಿಮಿಷದೊಳಗೆ ಅದರ ಬಹುಪಾಲು ಖಾಲಿಯಾಗಿರುತ್ತದೆ. ಉಗುರಿನಿಂದ ಕೆರೆದೇ ತೆಗೆಯಬೇಕು, ಚಿವುಟಿ ಹಿಡಿದರೆ ಚೀಲ ಒತ್ತಿಹೋಗುತ್ತದೆ ಎಂದು ಬಹಳ ಕಾಲ ನಂಬಿದ್ದರು. 1996ರಲ್ಲಿ ಪ್ರಕಟವಾದ ಪ್ರಯೋಗವೊಂದು ಹೇಗೆ ತೆಗೆದರು ಎಂಬುದಕ್ಕಿಂತ ಎಷ್ಟು ಬೇಗ ತೆಗೆದರು ಎಂಬುದೇ ಮುಖ್ಯ ಎಂದು ತೋರಿಸಿತು. ಆದ್ದರಿಂದ ಚಿಮಟಕ್ಕಾಗಿ ಒಳಗೆ ಹೋಗಿ ಹುಡುಕಬೇಡಿ, ಉಗುರಿನಿಂದಲೇ ಕೀಳಿ. ಕಣಜ, ಇರುವೆ ಸಾಮಾನ್ಯವಾಗಿ ಮುಳ್ಳು ಬಿಟ್ಟುಹೋಗುವುದಿಲ್ಲ. ಇಲ್ಲದ ಮುಳ್ಳಿಗಾಗಿ ಸೂಜಿಯಿಂದ ಕೆದಕಬೇಡಿ.

ಹಂತ 3: ಉಂಗುರ, ಬಳೆ, ಕಾಲುಂಗುರ, ಕೈಗಡಿಯಾರ ಬಿಚ್ಚಿ. ಬಾವು ಏರಿದ ಮೇಲೆ ಅವು ಕಳಚುವುದಿಲ್ಲ. ಇದನ್ನು ಮರೆಯುವವರೇ ಹೆಚ್ಚು.

ಹಂತ 4: ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ.

ಹಂತ 5: ಐಸ್ ತುಂಡುಗಳನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡಿ, ಹತ್ತು ನಿಮಿಷ ಬಿಡಿ, ಮತ್ತೆ ಇಡಿ. ತೋಟದಲ್ಲಿದ್ದರೆ ಬಾವಿಯ ನೀರಿನಲ್ಲಿ ಅದ್ದಿದ ಬಟ್ಟೆ ಸಾಕು. ಐಸನ್ನು ನೇರವಾಗಿ ಚರ್ಮಕ್ಕೆ ಒತ್ತಬೇಡಿ. ಬಾವು ತಗ್ಗಿಸುವುದರಲ್ಲಿ ತಂಪಿಗೆ ಸಮನಾದ ಸೊಪ್ಪು ನನಗೆ ಗೊತ್ತಿಲ್ಲ. ಕೈಕಾಲಿಗೆ ಕುಟುಕಿದ್ದರೆ ಅದನ್ನು ಎತ್ತರದಲ್ಲಿಟ್ಟುಕೊಳ್ಳಿ.

ಸೊಪ್ಪಿಗೆ ಕೈ ಹಾಕುವ ಮೊದಲು

ಕುಟುಕಿದ ಜಾಗ ಎಂದರೆ ಸಣ್ಣದಾದರೂ ತೆರೆದ ಗಾಯ. ಹಿತ್ತಲಿನಿಂದ ಕಿತ್ತ ಎಲೆಯನ್ನು ಮಣ್ಣು ಸಹಿತ ಅಂಗೈಯಲ್ಲಿ ತಿಕ್ಕಿ ಮೆತ್ತುವುದು ಬೇಡ. ಎಲೆಯನ್ನು ಎರಡು ನೀರಿನಲ್ಲಿ ತೊಳೆಯಿರಿ. ಖಾರ ಅರೆದ ಒರಳು, ಮಿಕ್ಸಿ ಜಾರ್ ಬಳಸಬೇಡಿ. ಮೆಣಸಿನಕಾಯಿಯ ಪಸೆ ಸ್ವಲ್ಪ ಉಳಿದಿದ್ದರೂ ಉರಿ ಇಮ್ಮಡಿಯಾಗುತ್ತದೆ. ರಸ, ಲೇಪ ಪ್ರತಿ ಸಲವೂ ಹೊಸದಾಗಿ ಮಾಡಿದ್ದೇ ಇರಲಿ. ಬೆಳಿಗ್ಗೆ ಅರೆದಿಟ್ಟದ್ದನ್ನು ಸಂಜೆ ಹಚ್ಚಬೇಡಿ.

ಮೊದಲ ಸಲ ಬಳಸುವ ಯಾವುದನ್ನಾದರೂ ಮೊಣಕೈಯ ಒಳಭಾಗದಲ್ಲಿ ಚುಕ್ಕೆಯಷ್ಟು ಹಚ್ಚಿ ಅರ್ಧ ಗಂಟೆ ನೋಡಿ. ಕೆಂಪಾದರೆ ಆ ಗಿಡ ನಿಮಗಲ್ಲ. ಅರಿಶಿನ ಒಗ್ಗದವರೂ ಇದ್ದಾರೆ. ಇನ್ನೂ ವರ್ಷ ತುಂಬದ ಕೂಸುಗಳಿಗೆ ತೊಳೆದು ತಂಪು ಮಾಡುವುದಷ್ಟೇ ಸಾಕು, ಸೊಪ್ಪಿನ ಗೊಡವೆ ಬೇಡ.

ಲೋಳೆಸರ

ಒಂದೇ ಒಂದು ಗಿಡ ಬೆಳೆಸಲು ಜಾಗವಿದ್ದರೆ ನಾನು ಇದನ್ನೇ ಹೇಳುತ್ತೇನೆ. ಬಾಲ್ಕನಿಯ ಕುಂಡದಲ್ಲೂ ಬರುತ್ತದೆ, ಆರೈಕೆ ಬೇಡುವುದಿಲ್ಲ. ಆದರೆ ಎಲೆ ಕೊಯ್ದು ಹಾಗೇ ಉಜ್ಜುವುದು ತಪ್ಪು. ಸಿಪ್ಪೆಯ ಕೆಳಗೆ ಹಳದಿ ಬಣ್ಣದ ಕಹಿ ಸೊನೆ ಇರುತ್ತದೆ. ಕೆಲವರ ಚರ್ಮಕ್ಕೆ ಅದೇ ತುರಿಕೆ ತರುತ್ತದೆ. ಬುಡದ ದಪ್ಪ ಎಲೆಯೊಂದನ್ನು ಕೊಯ್ದು, ಕೊಯ್ದ ಕಡೆ ಕೆಳಗೆ ಬರುವಂತೆ ಲೋಟದಲ್ಲಿ ಕಾಲು ಗಂಟೆ ನಿಲ್ಲಿಸಿ. ಹಳದಿ ಸೊನೆ ಇಳಿದುಹೋಗುತ್ತದೆ. ಆಮೇಲೆ ತೊಳೆದು, ಎರಡೂ ಅಂಚಿನ ಮುಳ್ಳು ಹೆರೆದು, ಸಿಪ್ಪೆ ಸುಲಿದು, ಗಾಜಿನಂತಿರುವ ತಿರುಳನ್ನು ಮಾತ್ರ ತೆಗೆದುಕೊಳ್ಳಿ. ತೆಳುವಾಗಿ ಸವರಿ, ಒಣಗಲು ಬಿಡಿ, ದಿನಕ್ಕೆ ಮೂರು ನಾಲ್ಕು ಬಾರಿ ಮತ್ತೆ ಸವರಿ. ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನೊಳಗಿಟ್ಟರೆ ಮೂರು ದಿನ ಇರುತ್ತದೆ. ಆ ತಣ್ಣನೆಯ ತಿರುಳು ಇನ್ನಷ್ಟು ಹಿತ.

ದೊಡ್ಡಪತ್ರೆ

ಸಾಂಬ್ರಾಣಿ ಸೊಪ್ಪು ಎಂದೂ ಕರೆಯುವ ಈ ದಪ್ಪ ಎಲೆಯ ಗಿಡ ತುರಿಕೆಗೆ ನಮ್ಮ ಮನೆಗಳ ಹಳೆಯ ಮದ್ದು. ಎಲೆ ಮುರಿದರೆ ಓಮದ ಪರಿಮಳ ಬರುತ್ತದಲ್ಲ, ಅದಕ್ಕೆ ಕಾರಣ ಕಾರ್ವಕ್ರಾಲ್, ಥೈಮಾಲ್ ಎಂಬ ಘಾಟಿನ ಅಂಶಗಳು. ಹಸಿ ಎಲೆಯನ್ನು ಉಜ್ಜುವವರೇ ಹೆಚ್ಚು, ಆದರೆ ಅದರ ಮೇಲಿನ ಸಣ್ಣ ರೋಮಗಳು ಊದಿದ ಚರ್ಮಕ್ಕೆ ಚುಚ್ಚುತ್ತವೆ. ರಸ ತೆಗೆಯುವುದೇ ಮೇಲು. ನಾಲ್ಕೈದು ಎಲೆ ತೊಳೆದು ಒರೆಸಿ, ಬಿಸಿ ಕಾವಲಿಯ ಮೇಲೆ ಹಾಕಿ. ಅರ್ಧ ನಿಮಿಷದಲ್ಲಿ ಎಲೆಯ ಹಸಿರು ಮಂಕಾಗಿ, ಗರಿಗರಿಯಾಗಿದ್ದದ್ದು ಮೆತ್ತಗಾಗಿ ಅಂಚು ಸುರುಳುತ್ತದೆ. ಆಗ ತೆಗೆದು, ಆರಿಸಿ, ತೆಳು ಬಟ್ಟೆಯಲ್ಲಿಟ್ಟು ಹಿಂಡಿದರೆ ರಸ ಸಲೀಸಾಗಿ ಇಳಿಯುತ್ತದೆ. ಹಸಿ ಎಲೆಯನ್ನು ಎಷ್ಟು ಹಿಂಡಿದರೂ ಅಷ್ಟು ಬರುವುದಿಲ್ಲ. ಪೂರ್ತಿ ತಣ್ಣಗಾದ ಮೇಲೆ ಹತ್ತಿಯಲ್ಲಿ ಅದ್ದಿ ಸೊಳ್ಳೆ, ಇರುವೆ ಕಚ್ಚಿದ ಗುಳ್ಳೆಗಳಿಗೆ ಒತ್ತಿ. ಕೆರೆದು ಸಿಪ್ಪೆ ಹೋದ ಜಾಗಕ್ಕೆ ಬೇಡ, ಚುರ್ ಎನ್ನುತ್ತದೆ.

ತುಳಸಿ, ತುಂಬೆ, ಶ್ರೀಗಂಧ

ತುಳಸಿಯಲ್ಲಿ ಯೂಜಿನಾಲ್ ಇದೆ. ಹಲ್ಲುನೋವಿಗೆ ಲವಂಗದ ಎಣ್ಣೆ ಇಡುತ್ತೇವಲ್ಲ, ಅಲ್ಲಿ ನೋವನ್ನು ಜೋಮು ಹಿಡಿಸುವುದೂ ಇದೇ. ಹತ್ತು ಹನ್ನೆರಡು ಎಲೆಗಳನ್ನು ನಾಲ್ಕು ಹನಿ ನೀರಿನೊಂದಿಗೆ ಜಜ್ಜಿ, ಆ ಮುದ್ದೆಯನ್ನು ಕುಟುಕಿದ ಜಾಗದ ಮೇಲೆ ಹದಿನೈದು ನಿಮಿಷ ಇಟ್ಟು ತೊಳೆಯಿರಿ. ಇದೇ ಲೆಕ್ಕದಲ್ಲಿ ಲವಂಗದ ಎಣ್ಣೆಯನ್ನೇ ನೇರ ಹಚ್ಚುತ್ತೇನೆ ಎನ್ನಬೇಡಿ, ಅದು ಚರ್ಮ ಸುಡುತ್ತದೆ.

ತುಂಬೆ ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ತಾನಾಗಿ ಏಳುತ್ತದೆ. ಶಿವನಿಗೆ ಏರಿಸುವ ಬಿಳಿ ಹೂವಿನ ಗಿಡವೇ ಇದು. ಎಲೆಯ ರಸವನ್ನು ಇರುವೆ, ಕಣಜದ ಕಡಿತಕ್ಕೆ ಹಚ್ಚುವ ರೂಢಿ ಹಳ್ಳಿಗಳಲ್ಲಿದೆ. ಹಚ್ಚಬಹುದು. ಮೂಗಿಗೆ, ಕಣ್ಣಿಗೆ ಹಿಂಡುವುದು ಮಾತ್ರ ಬೇಡವೇ ಬೇಡ. ರಸ್ತೆ ಬದಿಯಲ್ಲಿ, ಕಳೆನಾಶಕ ಹೊಡೆದ ಹೊಲದಲ್ಲಿ ಬೆಳೆದದ್ದನ್ನು ಕೀಳಬೇಡಿ.

ಶ್ರೀಗಂಧದ ಕೊರಡಿದ್ದರೆ ಸಾಣೆಕಲ್ಲಿನ ಮೇಲೆ ಸ್ವಲ್ಪ ನೀರು ಚಿಮುಕಿಸಿ ಒಂದೇ ದಿಕ್ಕಿನಲ್ಲಿ ನಿಧಾನವಾಗಿ ತೇಯಿರಿ. ಲೇಪ ಕೆನೆಯಷ್ಟು ನುಣುಪಾಗಬೇಕು. ಹಚ್ಚಿದ್ದು ಒಣಗುತ್ತ ಒಣಗುತ್ತ ನೀರಿನಂಶ ಆವಿಯಾಗಿ ಜಾಗವನ್ನು ತಂಪಾಗಿಸುತ್ತದೆ. ಕಂಬಳಿಹುಳುವಿನ ಉರಿಗೆ ಇದು ಬಹಳ ಹಿತ. ಅಂಗಡಿಯ ಗಂಧದ ಪುಡಿಯಲ್ಲಿ ಬಣ್ಣ, ಸುಗಂಧ ಬೆರೆತಿರಬಹುದು. ಅದಕ್ಕಿಂತ ಬರೀ ತಣ್ಣೀರು ಬಟ್ಟೆ ಮೇಲು.

ಬೇವು-ಅರಿಶಿನದ ಎಣ್ಣೆ ಕಾಸುವ ಕ್ರಮ

ಸೊಳ್ಳೆ, ಇರುವೆ ಕಡಿತದ ತುರಿಕೆ ಎರಡನೆಯ ದಿನಕ್ಕೂ ಉಳಿದಾಗ ಈ ಎಣ್ಣೆ ಉಪಯೋಗಕ್ಕೆ ಬರುತ್ತದೆ. ಮೊದಲ ದಿನವೇ ಹಚ್ಚುವ ಮದ್ದಲ್ಲ ಇದು.

ಬೇಕಾದದ್ದು ಕಾಲು ಲೀಟರ್ ಶುದ್ಧ ಕೊಬ್ಬರಿ ಎಣ್ಣೆ, 50 ಗ್ರಾಂನಷ್ಟು ಬೇವಿನ ಎಲೆ, ಅರಿಶಿನದ ಕೊಂಬನ್ನು ಕಲ್ಲಿನ ಮೇಲೆ ತೇಯ್ದು ತೆಗೆದ ಒಂದು ಚಮಚ ಗಂಧ. ಆಯುರ್ವೇದದಲ್ಲಿ ತೈಲ ಮಾಡುವವರು ಒಂದು ಪಾಲು ಕಲ್ಕ (ಅರೆದ ಮುದ್ದೆ), ನಾಲ್ಕು ಪಾಲು ಎಣ್ಣೆ, ಹದಿನಾರು ಪಾಲು ಕಷಾಯ ಅಥವಾ ರಸ ಎಂಬ ಅಳತೆ ಹಿಡಿಯುತ್ತಾರೆ. ಅಷ್ಟು ದ್ರವ ಇಂಗಿಸಲು ಬಹಳ ಹೊತ್ತು ಬೇಕು. ಮನೆಯ ಮಟ್ಟಕ್ಕೆ ಕಷಾಯವಿಲ್ಲದ ಈ ಕ್ರಮ ಸಾಕು.

ಬೇವಿನ ಎಲೆ ತೊಳೆದು, ಬಟ್ಟೆಯ ಮೇಲೆ ಹರಡಿ, ರಾತ್ರಿಯಿಡೀ ನೆರಳಿನಲ್ಲಿ ಆರಲು ಬಿಡಿ. ಮರುದಿನ ತರಿತರಿಯಾಗಿ ಕುಟ್ಟಿ. ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ ಹಾಕಿ, ಒಲೆ ಆದಷ್ಟು ಸಣ್ಣ ಉರಿಯಲ್ಲಿರಲಿ. ಎಲೆ, ಅರಿಶಿನ ಸೇರಿಸಿ ಕೈಯಾಡಿಸುತ್ತಿರಿ. ಮೊದಲು ನೊರೆ ಎದ್ದು ಚಟಪಟ ಸದ್ದು ಬರುತ್ತದೆ. ಅದು ಎಲೆಯ ನೀರು ಬಿಡುವ ಸದ್ದು. ಇಪ್ಪತ್ತು, ಮೂವತ್ತು ನಿಮಿಷಗಳಲ್ಲಿ ಸದ್ದು ಅಡಗಿ, ನೊರೆ ಇಳಿದು, ಎಲೆಯ ಚೂರು ಬೆರಳ ನಡುವೆ ಪುಡಿಯಾಗುವಂತಾಗುತ್ತದೆ. ಎಲೆ ಕಪ್ಪಗಾದರೆ ಸೀದಿದೆ ಎಂದೇ ಅರ್ಥ, ಆ ಎಣ್ಣೆ ಬೇಡ. ಹದ ನೋಡಲು ಹಳಬರ ಉಪಾಯವಿದೆ. ಒಣ ಬತ್ತಿಯ ತುದಿಯನ್ನು ಎಣ್ಣೆಯಲ್ಲಿ ಅದ್ದಿ, ಒಲೆಯಿಂದ ದೂರ ಹೋಗಿ ಹೊತ್ತಿಸಿ. ಚಿಟಿಚಿಟಿ ಎಂದರೆ ನೀರು ಉಳಿದಿದೆ, ಇನ್ನಷ್ಟು ಕಾಸಬೇಕು. ಸದ್ದಿಲ್ಲದೆ ಉರಿದರೆ ಇಳಿಸಿ. ನೀರು ಉಳಿದ ಎಣ್ಣೆ ಬೇಗ ಕಮಟು ಹಿಡಿದು ಬೂಸರು ಕಟ್ಟುತ್ತದೆ.

ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ, ಪೂರ್ತಿ ಒಣಗಿದ ಗಾಜಿನ ಸೀಸೆಗೆ ತುಂಬಿ, ಮೇಲೆ ದಿನಾಂಕ ಬರೆಯಿರಿ. ಮೂರು ತಿಂಗಳೊಳಗೆ ಮುಗಿಸಿ. ತೆರೆದ ಗಾಯಕ್ಕೆ ಹಚ್ಚಬೇಡಿ. ಮಕ್ಕಳ ಕೈಗೆ ಎಟುಕದಂತೆ ಇಡಿ. ಬೇವಿನ ಎಣ್ಣೆ ಚಿಕ್ಕ ಮಕ್ಕಳ ಹೊಟ್ಟೆಗೆ ಹೋಗುವುದು ಅಪಾಯ.

ಯಾವ ಹುಳಕ್ಕೆ ಏನು

ಚಗಳಿ, ಕೆಂಜಿಗ: ಮಾವು, ಗೇರು, ಕಾಫಿ ಗಿಡಗಳಲ್ಲಿ ಎಲೆ ಹೆಣೆದು ಗೂಡು ಕಟ್ಟುವ ಈ ಕೆಂಪಿರುವೆ ಕಚ್ಚಿ, ಆ ಗಾಯಕ್ಕೆ ಫಾರ್ಮಿಕ್ ಆಮ್ಲ ಚಿಮ್ಮುತ್ತದೆ. ಆಮ್ಲ ಮೇಲೇ ಇರುವುದರಿಂದ ಸೋಪು ನೀರಿನ ಸ್ನಾನವೇ ಇಲ್ಲಿ ಅರ್ಧ ಮದ್ದು. ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹತ್ತು ನಿಮಿಷ ಇಟ್ಟು ತೊಳೆಯಬಹುದು. ಜೇನಿಗೂ ಸೋಡಾ ಹಚ್ಚಿದರೆ ವಿಷ ಮುರಿಯುತ್ತದೆ ಎಂಬ ಮಾತು ನಿಲ್ಲುವುದಿಲ್ಲ. ಆ ವಿಷದ ಮುಖ್ಯ ಅಂಶ ಆಮ್ಲವಲ್ಲ, ಮೆಲಿಟಿನ್ ಎಂಬ ಪ್ರೋಟೀನು, ಅದೂ ಚರ್ಮದ ಒಳಗಿರುತ್ತದೆ.

ಕಂಬಳಿಹುಳು: ನುಗ್ಗೆಮರದ ಕೆಳಗೆ ಮಳೆಗಾಲದಲ್ಲಿ ಇದರ ಕಾಟ ಹೆಚ್ಚು. ಉಜ್ಜಿದರೆ ರೋಮ ಇನ್ನಷ್ಟು ಒಳಗೆ ಹೋಗುತ್ತದೆ. ಅಂಟುವ ಟೇಪನ್ನು ಮೆಲ್ಲಗೆ ಒತ್ತಿ ಎಳೆಯಿರಿ, ಪ್ರತಿ ಸಲವೂ ಹೊಸ ತುಂಡು. ಆಮೇಲೆ ತೊಳೆದು ಶ್ರೀಗಂಧವೋ ಲೋಳೆಸರವೋ ಹಚ್ಚಿ. ತೊಟ್ಟ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಕಣ್ಣಿಗೆ ರೋಮ ಹೋಗಿದ್ದರೆ ಕಣ್ಣಿನ ವೈದ್ಯರ ಬಳಿಗೇ ಹೋಗಬೇಕು.

ರೋವ್ ಬೀಟಲ್: ಮಳೆಯ ನಂತರ ದೀಪಕ್ಕೆ ಬರುವ, ಕಪ್ಪು-ಕೇಸರಿ ಪಟ್ಟಿಯ ಸಪೂರ ಹುಳು. ಇದು ಕಚ್ಚುವುದಿಲ್ಲ. ನಾವು ಮೈಮೇಲೆ ಹೊಸಕಿದಾಗ ಅದರ ಒಳಗಿನ ಪೆಡೆರಿನ್ ಎಂಬ ರಸ ಚರ್ಮ ಸುಡುತ್ತದೆ; ಮರುದಿನ ಗೀರು ಎಳೆದಂತೆ ಉರಿ, ನೀರುಗುಳ್ಳೆ. ಊದಿ ಹಾರಿಸಿ, ಹೊಸಕಬೇಡಿ. ಹೊಸಕಿದ್ದರೆ ತಕ್ಷಣ ಸೋಪಿನಿಂದ ತೊಳೆದು, ಆ ಕೈಯಿಂದ ಕಣ್ಣು ಮುಟ್ಟದಿರಿ. ಲೋಳೆಸರ ಸಾಕು; ದೊಡ್ಡಪತ್ರೆ, ತುಳಸಿಯ ಘಾಟು ಇಲ್ಲಿ ಬೇಡ.

ಉಣುಗು: ಇದು ಉರಿಗಿಂತ ದೊಡ್ಡ ಚಿಂತೆಯ ವಿಷಯ. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ; 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಅದು ಮೊದಲು ಗುರುತಾಯಿತು. ಎಣ್ಣೆ, ಸೀಮೆಎಣ್ಣೆ ಸುರಿಯಬೇಡಿ, ಬೀಡಿಯ ಕೆಂಡ ಇಡಬೇಡಿ. ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ. ಬೆರಳಲ್ಲಿ ಹೊಸಕಬೇಡಿ. ಮುಂದಿನ ಎರಡು ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ಸೆಳೆತ ಬಂದರೆ ಆರೋಗ್ಯ ಕೇಂದ್ರಕ್ಕೆ ಹೋಗಿ ಉಣುಗು ಕಚ್ಚಿದ್ದನ್ನು ಹೇಳಿ. ಡಿಸೆಂಬರ್‌ನಿಂದ ಮೇವರೆಗೆ ಕಾಡಿಗೆ ಹೋಗುವವರು ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲವನ್ನು ಹಚ್ಚಿಕೊಂಡೇ ಹೋಗಿ. ಅಲ್ಲಿ ಬೇವಿನೆಣ್ಣೆಯನ್ನು ನಂಬಬೇಡಿ.

ಚೇಳು: ಹುಣಸೆಬೀಜವನ್ನು ಕಲ್ಲಿಗೆ ತೇಯ್ದು ಬಿಸಿಯಾದಾಗ ಅಂಟಿಸುವುದು, ಅದು ವಿಷ ಹೀರಿ ತಾನಾಗಿ ಉದುರುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಇದೆ. ಬೀಜ ಅಂಟಿಕೊಳ್ಳುವುದು ನಿಜ, ವಿಷ ಹೀರುವುದಿಲ್ಲ. ಕೆಂಪು ಚೇಳಿನ ವಿಷ ಹೃದಯಕ್ಕೇ ತಟ್ಟುತ್ತದೆ, ಮಕ್ಕಳಲ್ಲಿ ಜೀವಕ್ಕೇ ಕುತ್ತು. ಬೆವರು, ಜೊಲ್ಲು, ವಾಂತಿ, ಕೈಕಾಲು ತಣ್ಣಗಾಗುವುದು ಅದರ ಲಕ್ಷಣ. ಮಹಾರಾಷ್ಟ್ರದ ಮಹಾಡ್‌ನ ವೈದ್ಯ ಹಿಮ್ಮತ್‌ರಾವ್ ಬಾವಸ್ಕರ್ 1980ರ ದಶಕದಲ್ಲಿ ಪ್ರಾಜೋಸಿನ್ ಎಂಬ ಮಾತ್ರೆಯಿಂದ ಇದಕ್ಕೆ ಚಿಕಿತ್ಸೆ ಕೊಟ್ಟು ಅಸಂಖ್ಯ ಜೀವ ಉಳಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ಮಾತ್ರೆ ಸಾಮಾನ್ಯ ಮಾತ್ರೆಯೇ, ಆದರೆ ಹೊತ್ತಿಗೆ ಸರಿಯಾಗಿ ವೈದ್ಯರ ಕೈಯಿಂದ ಸಿಗಬೇಕು. ಹುಣಸೆಬೀಜ ತೇಯುತ್ತ ಕಳೆಯುವ ಅರ್ಧ ಗಂಟೆ, ಚೇಳು ಕುಟುಕಿದ ಮಗುವಿನ ಚಿಕಿತ್ಸೆಗೆ ಸಿಗಬೇಕಾದ ಹೊತ್ತು.

ಹಚ್ಚಲೇಬಾರದವು

ಒದ್ದೆ ಸುಣ್ಣ ಚರ್ಮ ಸುಡುತ್ತದೆ; ಬೆಲ್ಲ ಬೆರೆಸಿದರೂ ಅದು ಸುಣ್ಣವೇ. ಎಕ್ಕದ ಹಾಲು ಚರ್ಮವನ್ನು ಕೆರಳಿಸುತ್ತದೆ, ಹನಿಯಷ್ಟು ಕಣ್ಣಿಗೆ ಸಿಡಿದರೂ ದೃಷ್ಟಿಗೆ ಅಪಾಯ. ಬೆಳ್ಳುಳ್ಳಿ ಅರೆದು ಕಟ್ಟಿದರೆ ಬೊಬ್ಬೆ ಏಳುತ್ತದೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಆ ಜಾಗ ಸುಟ್ಟಂತೆ ಕಪ್ಪಾಗಿ ವಾರಗಟ್ಟಲೆ ಉಳಿಯುತ್ತದೆ. ಸೆಗಣಿ, ಹುತ್ತದ ಮಣ್ಣು ಧನುರ್ವಾಯುವಿಗೆ ದಾರಿ. ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಯಾವ ಹುಳಕ್ಕೂ ಬೇಡ.

ಮುಂದಿನ ದಿನಗಳಲ್ಲಿ

ಜೇನಿನ ಬಾವು ಎರಡು ದಿನ ಏರುತ್ತಲೇ ಹೋಗಿ ಆಮೇಲೆ ಇಳಿಯುವುದು ಸಾಮಾನ್ಯ, ಗಾಬರಿ ಬೇಡ. ದೊಡ್ಡ ಬಾವು ಪೂರ್ತಿ ಇಳಿಯಲು ವಾರ ಬೇಕಾಗಬಹುದು. ತುರಿಕೆ ನಿದ್ದೆ ಕೆಡಿಸುವಷ್ಟಿದ್ದರೆ ಸೊಪ್ಪಿನ ಹಟ ಬಿಟ್ಟು ವೈದ್ಯರನ್ನು ಕೇಳಿ ಅಲರ್ಜಿ ಮಾತ್ರೆ ತೆಗೆದುಕೊಳ್ಳಿ. ಎರಡೂ ಜತೆಯಲ್ಲಿ ನಡೆಯುತ್ತವೆ. ಮಕ್ಕಳ ಉಗುರು ಕತ್ತರಿಸಿ, ರಾತ್ರಿ ಮಲಗುವಾಗ ಗುಳ್ಳೆಯ ಮೇಲೆ ತೆಳು ಬಟ್ಟೆ ಸುತ್ತಿ.

ಮೂರನೆಯ ದಿನದ ಹೊತ್ತಿಗೆ ನೋವು ತಗ್ಗುವ ಬದಲು ಏರಿದರೆ, ಕೀವು ಕಂಡರೆ, ಜಾಗ ಬಿಸಿಯಾಗಿ ಕೆಂಪು ಗೆರೆ ಮೇಲಕ್ಕೆ ಹಬ್ಬಿದರೆ, ಜ್ವರ ಬಂದರೆ ಅದು ಸೋಂಕು. ಹಚ್ಚುತ್ತಿದ್ದುದನ್ನೆಲ್ಲ ನಿಲ್ಲಿಸಿ, ತೊಳೆದು, ವೈದ್ಯರಿಗೆ ತೋರಿಸಿ. ಯಾವ ಸೊಪ್ಪು ಹಚ್ಚಿದ್ದಿರಿ ಎಂಬುದನ್ನು ಸಂಕೋಚವಿಲ್ಲದೆ ಅವರಿಗೆ ಹೇಳಿ. ಒಮ್ಮೆ ಮೈಯೆಲ್ಲ ಗಂಧೆ ಎದ್ದವರು, ಉಸಿರು ಕಟ್ಟಿದವರು ಅಲರ್ಜಿ ತಜ್ಞರನ್ನು ಕಂಡು, ಮುಂದಿನ ಸಲ ಕುಟುಕಿದರೆ ಏನು ಮಾಡಬೇಕೆಂದು ಬರೆಸಿಕೊಂಡು, ಆ ಚೀಟಿಯನ್ನು ತೋಟಕ್ಕೆ ಹೋಗುವಾಗಲೂ ಜೇಬಿನಲ್ಲಿಟ್ಟುಕೊಳ್ಳಿ.